ಕೊಡಗಿನಷ್ಟೇ ದೊಡ್ಡ ದೇಶ ಫುಟ್‌ಬಾಲ್ ವಿಶ್ವಕಪ್ ತಲುಪಿದ್ದು ಹೇಗೆ?

(ಪರದೆಯ ಮೇಲೆ ಕೊಡಗು ಜಿಲ್ಲೆಯ ನಕ್ಷೆ, ಪಕ್ಕದಲ್ಲಿ ಅದೇ ಅಳತೆಯಲ್ಲಿ ಹತ್ತು ದ್ವೀಪಗಳ ನಕ್ಷೆ)

ನಮಸ್ಕಾರ. ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಇಲ್ಲಿರುವವರು 5,54,519 ಮಂದಿ. ಈಗ ಪಕ್ಕದ ನಕ್ಷೆಯನ್ನು ನೋಡಿ. ಆಫ್ರಿಕಾದ ಪಶ್ಚಿಮ ಕರಾವಳಿಯಿಂದ ಆಚೆಗೆ, ಅಟ್ಲಾಂಟಿಕ್ ಸಾಗರದ ನಡುವೆ ಇರುವ ಕೇಪ್ ವರ್ಡೆ ಎಂಬ ಈ ದೇಶದ ವಿಸ್ತೀರ್ಣ 4,033 ಚದರ ಕಿಲೋಮೀಟರ್, ಜನಸಂಖ್ಯೆ ಐದು ಲಕ್ಷದ ಆಸುಪಾಸು. ಅಂದರೆ ನಮ್ಮ ಐದು ತಾಲ್ಲೂಕುಗಳನ್ನು ಹತ್ತು ತುಂಡು ಮಾಡಿ ಸಮುದ್ರದಲ್ಲಿ ಚೆಲ್ಲಿದರೆ ಎಷ್ಟಾಗುತ್ತದೆಯೋ ಅಷ್ಟೇ. ಅಲ್ಲಿನ ಫೋಗೊ ದ್ವೀಪದ ಜ್ವಾಲಾಮುಖಿಯ ಇಳಿಜಾರಿನಲ್ಲಿ ಕಾಫಿಯನ್ನೂ ಬೆಳೆಯುತ್ತಾರೆ ಎಂಬುದನ್ನು ನಮ್ಮ ಬೆಳೆಗಾರರಿಗಾಗಿ ಹೇಳಿಬಿಡುತ್ತೇನೆ.

ಈ ದೇಶದ ಫುಟ್‌ಬಾಲ್ ತಂಡವು 2025ರ ಅಕ್ಟೋಬರ್ 13ರಂದು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ವಿಶ್ವಕಪ್‌ಗೆ ಅರ್ಹತೆ ಪಡೆಯಿತು. ಜಗತ್ತಿನ ಪತ್ರಿಕೆಗಳು ಇದನ್ನು ಪುಟ್ಟ ದೇಶದ ಪವಾಡ ಎಂದು ಬರೆದವು. ಹಾಗೆ ಬರೆಯುವುದು ಸುಲಭ, ಆದರೆ ಪವಾಡ ಎಂದುಬಿಟ್ಟರೆ ಈ ತಂಡವನ್ನು ಹೇಗೆ ಕಟ್ಟಲಾಯಿತು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಇಂದಿನ ವಿಡಿಯೋದಲ್ಲಿ ಆ ಪ್ರಶ್ನೆಯನ್ನೇ ಎತ್ತಿಕೊಳ್ಳೋಣ.

(ಪ್ರಾಯಾ ನಗರದ ರಾಷ್ಟ್ರೀಯ ಕ್ರೀಡಾಂಗಣದ ದೃಶ್ಯ)

ಮೊದಲು ಆ ದಿನದ ಪಂದ್ಯ. ಅರ್ಹತಾ ಸುತ್ತಿನಲ್ಲಿ ಕೇಪ್ ವರ್ಡೆ ಇದ್ದ ಗುಂಪಿನಲ್ಲಿ ಕ್ಯಾಮರೂನ್, ಲಿಬಿಯಾ, ಅಂಗೋಲಾ, ಮಾರಿಷಸ್ ಮತ್ತು ಎಸ್ವಾಟಿನಿ ತಂಡಗಳಿದ್ದವು. ಒಂಬತ್ತು ಪಂದ್ಯಗಳು ಮುಗಿದಾಗ ಕೇಪ್ ವರ್ಡೆ 20 ಅಂಕ, ಕ್ಯಾಮರೂನ್ 18 ಅಂಕ ಗಳಿಸಿದ್ದವು. ಕೊನೆಯ ಪಂದ್ಯದಲ್ಲಿ ಎಸ್ವಾಟಿನಿಯನ್ನು ಸೋಲಿಸಿದರೆ ಕ್ಯಾಮರೂನ್ ಏನು ಮಾಡಿದರೂ ಲೆಕ್ಕಕ್ಕಿಲ್ಲ ಎಂಬ ಸ್ಥಿತಿ. ಸುಮಾರು ಹದಿನೈದು ಸಾವಿರ ಜನ ಹಿಡಿಸುವ ಕ್ರೀಡಾಂಗಣ, ಗುಂಪಿನ ಅತ್ಯಂತ ದುರ್ಬಲ ಎದುರಾಳಿ. ಹಾಗಿದ್ದೂ ಮೊದಲಾರ್ಧ ಗೋಲಿಲ್ಲದೆ ಮುಗಿಯಿತು. ಉತ್ತರಾರ್ಧದ ಆರಂಭದಲ್ಲೇ ಡೈಲಾನ್ ಲಿವ್ರಮೆಂಟೊ ಮೊದಲ ಗೋಲು ಹೊಡೆದರು. ಕೆಲವೇ ನಿಮಿಷಗಳಲ್ಲಿ ವಿಲ್ಲಿ ಸೆಮೆಡೊ ಎರಡನೆಯದನ್ನು ಸೇರಿಸಿದರು. ಆಟ ಮುಗಿಯುವ ಹೊತ್ತಿಗೆ, 37 ವರ್ಷದ ಡಿಫೆಂಡರ್ ಸ್ಟೊಪಿರಾ ಮೂರನೆಯ ಗೋಲು ಹೊಡೆದರು.

ಈ ಮೂವರನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಲಿವ್ರಮೆಂಟೊ ಹುಟ್ಟಿದ್ದು ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ, ಸೆಮೆಡೊ ಹುಟ್ಟಿದ್ದು ಫ್ರಾನ್ಸ್‌ನಲ್ಲಿ. ಸ್ಟೊಪಿರಾ ಮಾತ್ರ ಈ ಪಂದ್ಯ ನಡೆದ ರಾಜಧಾನಿ ಪ್ರಾಯಾದಲ್ಲೇ ಹುಟ್ಟಿದವರು. ತಂಡದ ರಹಸ್ಯ ಎಂದು ಏನಾದರೂ ಇದ್ದರೆ ಅದು ಈ ಮೂರು ಊರುಗಳ ಪಟ್ಟಿಯಲ್ಲೇ ಇದೆ.

(ನಕ್ಷೆ: ದ್ವೀಪಗಳಿಂದ ಬಾಸ್ಟನ್, ಲಿಸ್ಬನ್, ರಾಟರ್‌ಡ್ಯಾಮ್ ಕಡೆಗೆ ಹೊರಡುವ ಗೆರೆಗಳು)

ಕೇಪ್ ವರ್ಡೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಊರು ಬಿಟ್ಟು ಹೋದವರ ಚರಿತ್ರೆ. ವಿಸ್ತೀರ್ಣದಲ್ಲಿ ಕೊಡಗಿಗೂ ಈ ದೇಶಕ್ಕೂ ಎಷ್ಟು ಸಾಮ್ಯವಿದೆಯೋ ಮಳೆಯ ವಿಷಯದಲ್ಲಿ ಅಷ್ಟೇ ವ್ಯತ್ಯಾಸವಿದೆ. ಭಾಗಮಂಡಲದಲ್ಲಿ ಮಳೆ ಹೆಚ್ಚಾಗಿ ರಸ್ತೆ ಮುಳುಗುತ್ತದೆ. ಅಲ್ಲಿ ವರ್ಷಗಟ್ಟಲೆ ಮಳೆಯೇ ಬಾರದೆ ಬೆಳೆ ಒಣಗುತ್ತದೆ. ಪೋರ್ಚುಗೀಸರ ಆಳ್ವಿಕೆ ಇನ್ನೂ ಇದ್ದ 1940ರ ದಶಕದಲ್ಲಿ ಎರಡು ಬಾರಿ ಬಂದ ಭೀಕರ ಬರಗಾಲದಲ್ಲಿ ಅಲ್ಲಿ ಹತ್ತಾರು ಸಾವಿರ ಜನ ಸತ್ತರು. ಅದಕ್ಕೂ ಬಹಳ ಹಿಂದೆಯೇ, ತಿಮಿಂಗಿಲ ಬೇಟೆಗೆ ಬರುತ್ತಿದ್ದ ಅಮೆರಿಕದ ಹಡಗುಗಳು ಬ್ರಾವಾ ಮತ್ತು ಫೋಗೊ ದ್ವೀಪಗಳ ಯುವಕರನ್ನು ಕೆಲಸಕ್ಕೆ ಹತ್ತಿಸಿಕೊಂಡು ಹೋಗುತ್ತಿದ್ದವು. ಹಾಗೆ ಹೋದವರು ಮ್ಯಾಸಚೂಸೆಟ್ಸ್ ಸುತ್ತಮುತ್ತ ನೆಲೆಸಿದರು. ಅನಂತರದ ತಲೆಮಾರುಗಳು ಪೋರ್ಚುಗಲ್, ಫ್ರಾನ್ಸ್ ಮತ್ತು ನೆದರ್‌ಲ್ಯಾಂಡ್ಸ್ ದಾರಿ ಹಿಡಿದವು. 1975ರ ಜುಲೈ 5ರಂದು ಸ್ವಾತಂತ್ರ್ಯ ಬಂದ ಮೇಲೂ ವಲಸೆ ನಿಲ್ಲಲಿಲ್ಲ. ಇಂದು ಕೇಪ್ ವರ್ಡೆ ಮೂಲದವರಲ್ಲಿ ದೇಶದೊಳಗೆ ಇರುವವರಿಗಿಂತ ಹೊರಗೆ ಇರುವವರೇ ಹೆಚ್ಚು.

ಬಹುಕಾಲ ಇದರ ಲಾಭ ಬೇರೆ ದೇಶಗಳ ಪಾಲಾಗಿತ್ತು. ಸ್ವೀಡನ್‌ನ ಹೆಸರಾಂತ ಆಟಗಾರ ಹೆನ್ರಿಕ್ ಲಾರ್ಸನ್ ಅವರ ತಂದೆ ಕೇಪ್ ವರ್ಡೆಯವರು. 2010ರ ವಿಶ್ವಕಪ್‌ನಲ್ಲಿ ಸ್ವಿಟ್ಜರ್‌ಲೆಂಡ್ ತಂಡ ಸ್ಪೇನನ್ನು 1-0ರಿಂದ ಸೋಲಿಸಿದ್ದು ನಿಮಗೆ ನೆನಪಿರಬಹುದು. ಮುಂದೆ ಆ ಕಪ್ ಗೆದ್ದ ಸ್ಪೇನ್ ಆ ಟೂರ್ನಿಯಲ್ಲಿ ಸೋತದ್ದು ಅದೊಂದೇ ಪಂದ್ಯ. ಆ ಗೋಲು ಹೊಡೆದ ಜೆಲ್ಸನ್ ಫೆರ್ನಾಂಡಿಸ್ ಹುಟ್ಟಿದ್ದು ಪ್ರಾಯಾದಲ್ಲಿ.

ಫಿಫಾ ನಿಯಮದಂತೆ, ಆಟಗಾರನಿಗೆ ಆ ದೇಶದ ಪೌರತ್ವವಿದ್ದು, ಅವನ ತಂದೆ, ತಾಯಿ, ಅಜ್ಜ, ಅಜ್ಜಿ ಇವರಲ್ಲಿ ಒಬ್ಬರು ಅಲ್ಲಿ ಹುಟ್ಟಿದವರಾಗಿದ್ದರೆ ಅವನು ಆ ದೇಶದ ಪರವಾಗಿ ಆಡಬಹುದು. ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಹಬ್ಬದಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡುವವರೂ ಮೈಸೂರಿನಲ್ಲಿ ಓದುವವರೂ ರಜೆ ಹಾಕಿ ಬಂದು ತಮ್ಮ ಒಕ್ಕದ, ಅಂದರೆ ಮನೆತನದ, ಹೆಸರಿನಲ್ಲಿ ಮೈದಾನಕ್ಕೆ ಇಳಿಯುವುದನ್ನು ನಾವು ನೋಡುತ್ತಲೇ ಇದ್ದೇವೆ. ಎಲ್ಲಿ ವಾಸವಾಗಿದ್ದೀಯೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಯಾವ ಮನೆಯವನು ಎಂದು ಕೇಳುತ್ತಾರೆ. ಕೇಪ್ ವರ್ಡೆ ತನ್ನ ರಾಷ್ಟ್ರೀಯ ತಂಡವನ್ನು ಕಟ್ಟಿದ್ದೂ ಬಹುಮಟ್ಟಿಗೆ ಇದೇ ಲೆಕ್ಕದಲ್ಲಿ.

(ಐರ್ಲೆಂಡ್‌ನ ಶ್ಯಾಮ್‌ರಾಕ್ ರೋವರ್ಸ್ ಕ್ಲಬ್‌ನ ಹಸಿರು ಬಿಳಿ ಜೆರ್ಸಿಯ ಚಿತ್ರ)

ಆಟಗಾರರನ್ನು ಹುಡುಕಿದ ಬಗೆಗೆ ಒಂದು ಉದಾಹರಣೆ ಸಾಕು. ರಾಬರ್ಟೊ ಲೋಪೆಸ್ ಎಂಬ ಡಿಫೆಂಡರ್ ಹುಟ್ಟಿ ಬೆಳೆದದ್ದು ಡಬ್ಲಿನ್‌ನಲ್ಲಿ. ತಾಯಿ ಐರ್ಲೆಂಡಿನವರು, ತಂದೆ ಕೇಪ್ ವರ್ಡೆಯವರು. ಪೂರ್ಣಾವಧಿ ಫುಟ್‌ಬಾಲ್ ಆಟಗಾರನಾಗುವ ಮೊದಲು ಅವರು ಬ್ಯಾಂಕೊಂದರಲ್ಲಿ ಗೃಹಸಾಲದ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದರು. ಕಾಲೇಜಿನ ದಿನಗಳಲ್ಲಿ ತೆರೆದ ಲಿಂಕ್ಡ್‌ಇನ್ ಖಾತೆಗೆ 2018ರಲ್ಲಿ ಒಂದು ಸಂದೇಶ ಬಂತು, ಅದೂ ಪೋರ್ಚುಗೀಸ್ ಭಾಷೆಯಲ್ಲಿ. ಲೋಪೆಸ್ ಅವರಿಗೆ ಆ ಭಾಷೆ ಬಾರದು. ಯಾರೋ ಮೋಸಗಾರರು ಕಳಿಸಿರಬೇಕು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟರು. ಸುಮಾರು ಒಂಬತ್ತು ತಿಂಗಳ ಬಳಿಕ ಅದೇ ವ್ಯಕ್ತಿಯಿಂದ, ನಾನು ಹೇಳಿದ್ದರ ಬಗ್ಗೆ ಯೋಚಿಸಿದಿರಾ ಎಂದು ಮತ್ತೊಂದು ಸಂದೇಶ ಬಂದಾಗ, ಹಳೆಯದನ್ನು ಗೂಗಲ್ ಅನುವಾದಕ್ಕೆ ಹಾಕಿ ನೋಡಿದರು. ಬರೆದಿದ್ದವರು ಕೇಪ್ ವರ್ಡೆಯ ಅಂದಿನ ಕೋಚ್ ರೂಯಿ ಆಗ್ವಾಸ್. ಕೇಳಿದ್ದು ರಾಷ್ಟ್ರೀಯ ತಂಡಕ್ಕೆ ಬರುತ್ತೀರಾ ಎಂದು. 2019ರಲ್ಲಿ ಲೋಪೆಸ್ ತಂಡ ಸೇರಿದರು, ಮುಂದೆ ರಕ್ಷಣಾ ವಿಭಾಗದ ಆಧಾರವೇ ಆದರು. ಉತ್ತರ ಬಾರದ ಸಂದೇಶವನ್ನು ಮರೆತುಬಿಡದೆ ಒಂಬತ್ತು ತಿಂಗಳ ಬಳಿಕ ಮತ್ತೆ ಕೇಳಿದ ಆ ಕೋಚ್‌ನ ಪಟ್ಟು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಹಿಡಿಸಿದ ಸಂಗತಿ.

ಹಾಗೆಂದು ಎಲ್ಲವೂ ನೇರ ದಾರಿಯಲ್ಲಿ ನಡೆಯಲಿಲ್ಲ. 2014ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ, ಅಂದರೆ 2013ರ ಸೆಪ್ಟೆಂಬರ್‌ನಲ್ಲಿ, ಟ್ಯುನೀಷ್ಯಾ ತಂಡವನ್ನು ಅದರ ನೆಲದಲ್ಲೇ 2-0ರಿಂದ ಸೋಲಿಸಿ ಕೇಪ್ ವರ್ಡೆ ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂದು, ಕೊನೆಯ ಪ್ಲೇ-ಆಫ್ ಸುತ್ತಿಗೆ ಕಾಲಿಟ್ಟಿತ್ತು. ಆದರೆ ನಿಷೇಧದಲ್ಲಿದ್ದ ಫೆರ್ನಾಂಡೊ ವರೇಲಾ ಎಂಬ ಆಟಗಾರನನ್ನು ಆ ಪಂದ್ಯದಲ್ಲಿ ಆಡಿಸಲಾಗಿತ್ತು. ಈಕ್ವಟೋರಿಯಲ್ ಗಿನಿ ವಿರುದ್ಧದ ಹಿಂದಿನ ಪಂದ್ಯವೊಂದರಲ್ಲಿ ಅವರಿಗೆ ಕೆಂಪು ಕಾರ್ಡ್ ಸಿಕ್ಕಿತ್ತು. ಎದುರಾಳಿ ತಂಡ ಅನರ್ಹ ಆಟಗಾರನನ್ನು ಇಳಿಸಿದ್ದ ಕಾರಣಕ್ಕೆ ಆ ಪಂದ್ಯದ ಫಲಿತಾಂಶವೇ ಅನಂತರ ಕೇಪ್ ವರ್ಡೆಯ ಪರವಾಗಿ ಬದಲಾಗಿದ್ದರೂ, ಆಟಗಾರನ ಮೇಲಿನ ನಿಷೇಧ ಹಾಗೆಯೇ ಉಳಿದಿತ್ತು. ಫಿಫಾ ಟ್ಯುನೀಷ್ಯಾಕ್ಕೆ 3-0 ಗೆಲುವು ಕೊಟ್ಟಿತು, ಕೇಪ್ ವರ್ಡೆ ಹೊರಬಿತ್ತು. ಮೈದಾನದಲ್ಲಿ ಗೆದ್ದು ಕಡತದಲ್ಲಿ ಸೋತದ್ದು ಎಂದರೆ ಇದೇ.

ಎಂಟು ವರ್ಷಗಳ ಬಳಿಕ, 2021ರ ನವೆಂಬರ್‌ನಲ್ಲಿ, ಲಾಗೋಸ್‌ನಲ್ಲಿ ನೈಜೀರಿಯಾ ವಿರುದ್ಧ ಗೆದ್ದಿದ್ದರೆ ಪ್ಲೇ-ಆಫ್ ತಲುಪಬಹುದಿತ್ತು. ಪಂದ್ಯ 1-1ರಲ್ಲಿ ಮುಗಿಯಿತು. ಅಂದು ಸಮಬಲದ ಗೋಲು ಹೊಡೆದವರು ಇದೇ ಸ್ಟೊಪಿರಾ. ಎಸ್ವಾಟಿನಿ ವಿರುದ್ಧ ಅವರು ಹೊಡೆದ ಮೂರನೆಯ ಗೋಲಿನಿಂದ ಫಲಿತಾಂಶ ಬದಲಾಗಲಿಲ್ಲ, ನಿಜ. ಆದರೂ ಕ್ರೀಡಾಂಗಣ ಅದಕ್ಕೆ ಅಷ್ಟು ಕುಣಿದದ್ದೇಕೆ ಎಂಬುದು ಈ ಹಿನ್ನೆಲೆ ಗೊತ್ತಿದ್ದವರಿಗೆ ಅರ್ಥವಾಗುತ್ತದೆ.

(ಅಂಕಪಟ್ಟಿ ಪರದೆಯ ಮೇಲೆ)

ಈ ಬಾರಿ ತಂಡವನ್ನು ನಡೆಸಿದವರು ಹಿಂದೆ ಇದೇ ತಂಡದ ನಾಯಕನಾಗಿದ್ದ, ಬುಬಿಸ್ಟಾ ಎಂದೇ ಕರೆಯಲ್ಪಡುವ ಪೆಡ್ರೊ ಲೇಟಾವ್ ಬ್ರಿಟೊ. 2024ರ ಜೂನ್‌ನಲ್ಲಿ ಕ್ಯಾಮರೂನ್ ನೆಲದಲ್ಲಿ 4-1ರಿಂದ ಸೋತ ತಂಡ ಆಮೇಲೆ ಸತತ ಐದು ಪಂದ್ಯ ಗೆದ್ದಿತು. ಅದರಲ್ಲಿ ಐದನೆಯದು, 2025ರ ಸೆಪ್ಟೆಂಬರ್ 9ರಂದು ಅದೇ ಕ್ಯಾಮರೂನ್ ವಿರುದ್ಧ ಪ್ರಾಯಾದಲ್ಲಿ ಗಳಿಸಿದ 1-0 ಗೆಲುವು. ಲಿಬಿಯಾದಲ್ಲಿ 3-1ರಿಂದ ಹಿಂದಿದ್ದು 3-3ಕ್ಕೆ ತಂದರು. ಕೊನೆಯ ಕ್ಷಣದಲ್ಲಿ ಹೊಡೆದ ಇನ್ನೊಂದು ಗೋಲನ್ನು ಆಫ್‌ಸೈಡ್ ಎಂದು ರದ್ದುಪಡಿಸಲಾಯಿತು. ಒಟ್ಟು ಹತ್ತು ಪಂದ್ಯಗಳಲ್ಲಿ ಏಳು ಗೆಲುವು, ಎರಡು ಡ್ರಾ, ಒಂದು ಸೋಲು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಲೇಬೇಕು. ವಿಶ್ವಕಪ್‌ನಲ್ಲಿ ಈಗ 32ರ ಬದಲು 48 ತಂಡಗಳಿವೆ, ಆಫ್ರಿಕಾಕ್ಕೆ ಐದರ ಬದಲು ಒಂಬತ್ತು ನೇರ ಸ್ಥಾನಗಳು ಸಿಕ್ಕಿವೆ, ಹಾಗಾಗಿ ಯಾರು ಬೇಕಾದರೂ ಬರಬಹುದು ಎನ್ನುವವರಿದ್ದಾರೆ. ಹಳೆಯ ಪದ್ಧತಿಯಲ್ಲಾಗಿದ್ದರೆ ಗುಂಪು ಗೆದ್ದ ಮೇಲೂ ಪ್ಲೇ-ಆಫ್ ಆಡಬೇಕಿತ್ತು ಎಂಬುದು ಸರಿ. ಇದೇ ಅವಧಿಯಲ್ಲಿ ಈ ತಂಡ 2025ರ ಆಫ್ರಿಕಾ ಕಪ್‌ಗೆ ಅರ್ಹತೆ ಪಡೆಯದೆ ಗುಂಪಿನ ಕೊನೆಯ ಸ್ಥಾನದಲ್ಲಿ ಉಳಿಯಿತು ಎಂಬುದೂ ಸರಿ. ಆದರೆ ಎಂಟು ವಿಶ್ವಕಪ್ ಆಡಿದ, ಆಫ್ರಿಕಾದಲ್ಲೇ ಅತಿ ಹೆಚ್ಚು ಬಾರಿ ಅಲ್ಲಿಗೆ ಹೋಗಿರುವ ಕ್ಯಾಮರೂನನ್ನು ನಾಲ್ಕು ಅಂಕಗಳಿಂದ ಹಿಂದಿಕ್ಕಿದ್ದು ಸ್ಥಾನಗಳು ಹೆಚ್ಚಾದ ಮಾತ್ರಕ್ಕೆ ಆಗುವ ಕೆಲಸವಲ್ಲ.

ಹಾಗಾದರೆ ಭಾರತಕ್ಕೆ ಈ ದಾರಿ ಏಕಿಲ್ಲ ಎಂದು ಕೇಳುವಿರಿ. 1950ರಲ್ಲಿ ಅವಕಾಶ ಸಿಕ್ಕಿಯೂ ಹೋಗದ ನಾವು ಇದುವರೆಗೆ ಒಮ್ಮೆಯೂ ವಿಶ್ವಕಪ್ ಆಡಿಲ್ಲ. ನಮ್ಮ ಕಾನೂನು ಎರಡು ದೇಶಗಳ ಪೌರತ್ವಕ್ಕೆ ಅವಕಾಶ ಕೊಡುವುದಿಲ್ಲವಾದ್ದರಿಂದ, ಹೊರಗಿರುವ ಭಾರತ ಮೂಲದ ಆಟಗಾರ ಅಲ್ಲಿನ ಪಾಸ್‌ಪೋರ್ಟ್ ಬಿಡಲೇಬೇಕು. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ 2025ರಲ್ಲಿ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಹಾಗೆ ಬಂದವರು. ಅಂಥವರು ಬೆರಳೆಣಿಕೆಯಷ್ಟು. ಇನ್ನು ಸುಂಟಿಕೊಪ್ಪದ ಗೋಲ್ಡ್ ಕಪ್‌ನಲ್ಲಿ ಆಡುವ ಹುಡುಗರು ಮುಂದೆ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆ ಬೇರೊಂದು ವಿಡಿಯೋವನ್ನೇ ಬೇಡುತ್ತದೆ.

(2026ರ ವಿಶ್ವಕಪ್‌ನ ‘ಎಚ್’ ಗುಂಪಿನ ಪಟ್ಟಿ)

ವಿಶ್ವಕಪ್‌ನಲ್ಲಿ ಕೇಪ್ ವರ್ಡೆಗೆ ಸಿಕ್ಕಿರುವ ಗುಂಪು ಸುಲಭದ್ದಲ್ಲ: ಸ್ಪೇನ್, ಉರುಗ್ವೆ, ಸೌದಿ ಅರೇಬಿಯಾ. ಮೊದಲ ಪಂದ್ಯ 2026ರ ಜೂನ್ 15ರಂದು ಅಟ್ಲಾಂಟಾದಲ್ಲಿ ಸ್ಪೇನ್ ವಿರುದ್ಧ ನಿಗದಿಯಾಗಿದೆ. ನಮ್ಮಲ್ಲಿ ಆಗ ರಾತ್ರಿ. ಮಳೆಗಾಲದಲ್ಲಿ ಕರೆಂಟಿನ ಭರವಸೆ ಇಲ್ಲದವರು ಮೊಬೈಲನ್ನು ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಹನ್ನೆರಡು ಗುಂಪುಗಳಲ್ಲಿ ಮೊದಲೆರಡು ಸ್ಥಾನ ಪಡೆದವರ ಜತೆಗೆ, ಮೂರನೆಯ ಸ್ಥಾನದಲ್ಲಿರುವ ಎಂಟು ಉತ್ತಮ ತಂಡಗಳಿಗೂ ನಾಕೌಟ್ ಹಂತಕ್ಕೆ ಅವಕಾಶವಿದೆ. ಆದ್ದರಿಂದ ಸ್ಪೇನ್ ಎದುರು ಏನೇ ಆಗಲಿ, ಕೇಪ್ ವರ್ಡೆಯ ಪಾಲಿಗೆ ಹೆಚ್ಚು ತೂಕದ ಪಂದ್ಯವೆಂದರೆ ಜೂನ್ 26ರಂದು ಹ್ಯೂಸ್ಟನ್‌ನಲ್ಲಿ ಸೌದಿ ಅರೇಬಿಯಾ ವಿರುದ್ಧ ನಡೆಯುವ ಕೊನೆಯ ಪಂದ್ಯ.