ಬಲೆಯ ಕಣ್ಣು ಮತ್ತು ಮರಿಮೀನು

ಕೇಳುಗರಿಗೆ ನಮಸ್ಕಾರ.

ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಮಲ್ಪೆ, ಗಂಗೊಳ್ಳಿ, ಕಾರವಾರದ ಬಂದರುಗಳಲ್ಲಿ ದೊಡ್ಡ ಬೋಟುಗಳೆಲ್ಲ ದಡದಲ್ಲೇ ನಿಲ್ಲುತ್ತವೆ. 61 ದಿನ ಮೀನುಗಾರಿಕೆಗೆ ರಜೆ. ಸಣ್ಣ ಎಂಜಿನ್‌ನ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಳೆಗಾಲದ ಕಡಲು ಅಪಾಯ ಅನ್ನೋದು ಒಂದು ಕಾರಣ. ಬೂತಾಯಿಯಂಥ ಮೀನು ಮೊಟ್ಟೆಯಿಡುವ ಕಾಲವೂ ಅದೇ.

ಎರಡು ತಿಂಗಳು ಸುಮ್ನೆ ಬಿಟ್ಟರೆ ಕಡಲಿಗೆ ಚೇತರಿಸಿಕೊಳ್ಳಲು ಸ್ವಲ್ಪ ಬಿಡುವು ಸಿಗುತ್ತದೆ. ನನ್ನ ಚಿಂತೆ ಉಳಿದ ಹತ್ತು ತಿಂಗಳಿನದು, ಆಗ ಬಲೆಗೆ ಬೀಳುವ ಮರಿಮೀನಿನದು.

ಕಡಲಲ್ಲಿ ಬಲೆ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನ ಬಲೆಯ ತುದಿಯಲ್ಲಿ ಒಂದು ಚೀಲ ಇರುತ್ತದೆ. ಮೀನೆಲ್ಲ ಬಂದು ಸೇರುವುದು ಅಲ್ಲಿಗೆ. ಸಾಮಾನ್ಯ ಬಲೆಯ ಕಣ್ಣು ಓರೆ ಚೌಕದ ಆಕಾರದ್ದು. ಬೋಟು ಎಳೆದಾಗ, ಭಾರ ಬಿದ್ದಾಗ ಆ ಕಣ್ಣು ಮುಚ್ಚಿಕೊಳ್ಳುತ್ತದೆ. ಆಗ ಬೆರಳುದ್ದದ ಮರಿಗೂ ಹೊರಬೀಳಲು ದಾರಿಯಿಲ್ಲ. ಅದೇ ಬಲೆಯನ್ನು ನೇರ ಚೌಕವಾಗಿ ಜೋಡಿಸಿದರೆ ಎಷ್ಟು ಎಳೆದರೂ ಕಣ್ಣು ತೆರೆದೇ ಇರುತ್ತದೆ, ಮರಿಗಳು ನುಸುಳಿ ಪಾರಾಗುತ್ತವೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಇದನ್ನು ವರ್ಷಗಳಿಂದ ಹೇಳುತ್ತಿದ್ದಾರೆ. ಹೊಸ ಯಂತ್ರ ಏನೂ ಬೇಡ, ಬಲೆಯ ತುದಿ ಬದಲಿಸಿದರೆ ಆಯಿತು. ಇಷ್ಟು ಸುಲಭದ ಕೆಲಸ ಎಲ್ಲ ಬೋಟಿನಲ್ಲೂ ಆಗಿಲ್ಲವಲ್ಲ ಎಂದು ಬೇಸರವಾಗುತ್ತದೆ.

ಸಿಕ್ಕಿದ ಮರಿಮೀನು ಎಲ್ಲಿಗೆ ಹೋಗುತ್ತದೆ? ಊಟದ ತಟ್ಟೆಗಲ್ಲ. ಹೆಚ್ಚಿನದು ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ, ಪುಡಿಯಾಗಿ, ಕೋಳಿ ಮತ್ತು ಸಿಗಡಿಯ ಆಹಾರವಾಗುತ್ತದೆ. ಬೆಳೆದಿದ್ದರೆ ಎಷ್ಟೋ ಪಟ್ಟು ಬೆಲೆ ಬರುತ್ತಿದ್ದ ಮೀನು ಅದು. ಬೂತಾಯಿ ಸುಮಾರು ಒಂದು ವರ್ಷಕ್ಕೆಲ್ಲ ಮೊಟ್ಟೆಯಿಡುವಷ್ಟು ಬೆಳೆಯುತ್ತದೆ. ನಾವು ಕೊಡಬೇಕಾದ್ದು ಅಷ್ಟೇ ಸಮಯ.

ಮೀನುಗಾರರನ್ನೇ ದೂರುವುದು ಸರಿಯಲ್ಲ. ಡೀಸೆಲ್ ಖರ್ಚು, ಸಾಲದ ಕಂತು ಅವರ ತಲೆಯ ಮೇಲಿರುತ್ತದೆ. ‘ನಾನು ಬಿಟ್ಟರೆ ಪಕ್ಕದ ಬೋಟಿನವನು ಹಿಡಿಯುತ್ತಾನೆ’ ಎನ್ನುವುದೂ ನಿಜವೇ ಅಲ್ವಾ? ಹಾಗಾಗಿಯೇ ನಿಯಮ ಎಲ್ಲರಿಗೂ ಒಂದೇ ಇರಬೇಕು, ಕಟ್ಟುನಿಟ್ಟಾಗಿರಬೇಕು. ಕಣ್ಣು ಕೋರೈಸುವ ಎಲ್‌ಇಡಿ ದೀಪ ಹಾಕಿ ಮೀನು ಹಿಡಿಯುವುದನ್ನು, ಎರಡು ಬೋಟು ಸೇರಿ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆದರೂ ನಾಡದೋಣಿಯವರ ದೂರು ನಿಂತಿಲ್ಲ.

ಯಾವ ದೇಶಕ್ಕೂ ಸೇರದ ದೂರದ ಸಾಗರವನ್ನು ಕಾಯಲು ವಿಶ್ವಸಂಸ್ಥೆಯಲ್ಲಿ 2023ರಲ್ಲಿ ಒಂದು ಒಪ್ಪಂದವಾಯಿತು. ದೊಡ್ಡ ಹೆಜ್ಜೆ ಅದು. ಆದರೆ ಬೂತಾಯಿ ಇರುವುದು ನಮ್ಮ ದಡದ ಹತ್ತಿರದ ನೀರಿನಲ್ಲಿ. ಅದನ್ನು ಯಾವ ಒಪ್ಪಂದವೂ ಬಂದು ಕಾಯುವುದಿಲ್ಲ.

ಪಕ್ಕದ ಕೇರಳದಲ್ಲಿ 10 ಸೆಂಟಿಮೀಟರ್‌ಗಿಂತ ಚಿಕ್ಕ ಬೂತಾಯಿ, 14 ಸೆಂಟಿಮೀಟರ್‌ಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ಮುಂದಿನ ಸಲ ಮೀನು ಮಾರ್ಕೆಟ್ಟಿಗೆ ಹೋದಾಗ ಈ ಅಳತೆ ನೆನಪಿರಲಿ. ಮರಿ ಬಂಗುಡೆ ಕಂಡರೆ ಕೊಳ್ಳಬೇಡಿ. ಬೇಡ ಯಾಕೆ ಅನ್ನೋದನ್ನೂ ಮಾರುವ ಅಕ್ಕನಿಗೆ ಹೇಳಿ.

ನಮಸ್ಕಾರ.