ಪ್ರಾಗ್‌ಗೆ ಒಂದೇ ದಿನ ಇದ್ದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನಿಯಲ್ಲಿ ಕೆಲಸಕ್ಕಿರುವ ಮಕ್ಕಳ ಮನೆಗೆ ನಮ್ಮ ಕಡೆಯ ಅಪ್ಪ ಅಮ್ಮಂದಿರು ಹೋಗುವುದು ಈಗ ಮಾಮೂಲಿ. ಹಾಗೆ ಹೋದವರು ಪ್ರಾಗ್ ಊರನ್ನೂ ನೋಡಿ ಬರುತ್ತಾರೆ. ಡ್ರೆಸ್ಡನ್‌ನಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ, ವಿಯೆನ್ನಾದಿಂದ ಸುಮಾರು 4 ಗಂಟೆ. ಇಲ್ಲಿಂದ ಗ್ರೂಪ್ ಟೂರ್‌ನಲ್ಲಿ ಹೋಗುವವರಿಗೂ ಈ ಊರಿಗೆ ಸಿಗುವುದು ಹೆಚ್ಚೆಂದರೆ ಒಂದು ದಿನ. ಆ ಒಂದು ದಿನವನ್ನು ಹೇಗೆ ಕಳೆಯಬಹುದು ಅಂತ ಇವತ್ತು ಹೇಳುತ್ತೇನೆ.

ಪ್ರಾಗ್ ಜೆಕ್ ದೇಶದ ರಾಜಧಾನಿ. ವಲ್ತಾವಾ ನದಿ ಊರಿನ ನಡುವೆ ಹರಿಯುತ್ತದೆ. ಪಶ್ಚಿಮದ ದಡದಲ್ಲಿ ಗುಡ್ಡ, ಗುಡ್ಡದ ಮೇಲೆ ಕೋಟೆ. ಪೂರ್ವದ ದಡ ಸಮತಟ್ಟು, ಅಲ್ಲಿ ಹಳೇ ಪಟ್ಟಣ. ಎರಡನ್ನೂ ಸೇರಿಸುವುದು ಚಾರ್ಲ್ಸ್ ಸೇತುವೆ. ಕೋಟೆಯಿಂದ ಹಳೇ ಪಟ್ಟಣದ ಚೌಕಕ್ಕೆ ಎಲ್ಲೂ ನಿಲ್ಲದೆ ನಡೆದರೆ ಅರ್ಧ ಗಂಟೆ ಸಾಕು. ಆದ್ದರಿಂದ ನೋಡಬೇಕಾದ ಜಾಗಗಳ ಉದ್ದ ಪಟ್ಟಿ ಮಾಡಿಕೊಂಡು ಓಡಾಡಬೇಡಿ. ಗುಡ್ಡದ ತುದಿಯಿಂದ ಕೆಳಗಿಳಿದು, ನದಿ ದಾಟಿ, ಚೌಕಕ್ಕೆ ಬರುವ ಒಂದು ದಾರಿ ಹಿಡಿಯಿರಿ. ಆ ದಾರಿಯಲ್ಲಿ ಒಂದು ಕಥೆಯೂ ಇದೆ. ಅದನ್ನು ತಪ್ಪಿಸಿಕೊಂಡರೆ ನನಗೆ ನಿಜವಾಗಲೂ ಬೇಸರವಾಗುತ್ತದೆ.

ಹೊರಡುವ ಮುಂಚೆ ಯಾವ ವಾರ ಅಂತ ನೋಡಿಕೊಳ್ಳಿ. ಶನಿವಾರ ಯಹೂದಿ ಮ್ಯೂಸಿಯಂ ಮುಚ್ಚಿರುತ್ತದೆ. ಭಾನುವಾರ ಬೆಳಿಗ್ಗೆ ಕೋಟೆಯೊಳಗಿನ ದೊಡ್ಡ ಚರ್ಚಿನಲ್ಲಿ ಪೂಜೆ ಇರುವುದರಿಂದ ಪ್ರವಾಸಿಗರನ್ನು ಮಧ್ಯಾಹ್ನದವರೆಗೆ ಬಿಡುವುದಿಲ್ಲ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ವಾರದ ನಡುವಿನ ಒಂದು ದಿನ ಇಟ್ಟುಕೊಳ್ಳಿ. ದುಡ್ಡಿನ ವಿಷಯ ಒಂದೇ ಮಾತು: ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. ಕಾರ್ಡ್ ಹೆಚ್ಚುಕಡಿಮೆ ಎಲ್ಲ ಕಡೆ ತೆಗೆದುಕೊಳ್ಳುತ್ತಾರೆ. ಬೀದಿಬದಿಯ ಹಣ ಬದಲಾಯಿಸುವ ಅಂಗಡಿಗಳಿಗೆ ಹೋಗುವ ಅಗತ್ಯವೇ ಬರುವುದಿಲ್ಲ.

ಬೆಳಿಗ್ಗೆ ಬೇಗ ಏಳಿ. ಬೇಸಿಗೆಯಲ್ಲಿ 5 ಗಂಟೆಗೆಲ್ಲ ಬೆಳಕಾಗಿರುತ್ತದೆ. ಆರೂವರೆ ಹೊತ್ತಿಗೆ ಚಾರ್ಲ್ಸ್ ಸೇತುವೆ ಮೇಲಿರಿ. ಆಗಿನ ದೊರೆ ನಾಲ್ಕನೇ ಚಾರ್ಲ್ಸ್ 1357ರಲ್ಲಿ ಇದಕ್ಕೆ ಅಡಿಗಲ್ಲು ಹಾಕಿಸಿದ. ಮೊದಲಿದ್ದ ಕಲ್ಲಿನ ಸೇತುವೆ 1342ರ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಉದ್ದ ಅರ್ಧ ಕಿಲೋಮೀಟರಿಗಿಂತ ಚೂರು ಜಾಸ್ತಿ, ಎರಡೂ ಬದಿ ಸೇರಿ 30 ಪ್ರತಿಮೆಗಳು. ಹತ್ತು ಗಂಟೆಯ ಮೇಲೆ ಇಲ್ಲಿ ಕಾಲಿಡುವುದಕ್ಕೂ ಜಾಗ ಸಿಗುವುದಿಲ್ಲ. ಹಳೇ ಪಟ್ಟಣದ ತುದಿಯಲ್ಲಿ ಕಪ್ಪುಗಟ್ಟಿದ ಒಂದು ಕಲ್ಲಿನ ಗೋಪುರ ಇದೆ, ಅದರ ಕೆಳಗೆ ಹಾದೇ ಸೇತುವೆಗೆ ಬರುತ್ತೀರಿ. ಆ ಗೋಪುರ ನೆನಪಿನಲ್ಲಿರಲಿ.

ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಟ್ರಾಮ್ ಸಿಗುತ್ತದೆ. 22ನೇ ನಂಬರ್ ಹತ್ತಿ. ಮುಂಚೆಯೇ ಕಾಗದದ ಟಿಕೆಟ್ ಕೊಂಡಿದ್ದರೆ ಅಷ್ಟೇ ಸಾಲದು, ಟ್ರಾಮ್ ಒಳಗಿನ ಪುಟ್ಟ ಯಂತ್ರಕ್ಕೆ ಅದನ್ನು ತೂರಿಸಿ ಸಮಯದ ಮುದ್ರೆ ಹಾಕಿಸಿಕೊಳ್ಳಬೇಕು. ಮುದ್ರೆ ಇಲ್ಲದಿದ್ದರೆ ತಪಾಸಣೆಯವರು ದಂಡ ಹಾಕುತ್ತಾರೆ. ತುಂಬ ಜನ ಕೋಟೆ ಹೆಸರಿನ ನಿಲ್ದಾಣದಲ್ಲೇ ಇಳಿಯುತ್ತಾರೆ. ನೀವು ಇಳಿಯಬೇಡಿ. ಇನ್ನೂ ಮುಂದೆ ಪೊಹೊರ್ಜೆಲೆತ್ಸ್ ನಿಲ್ದಾಣಕ್ಕೆ ಹೋಗಿ. ಅಲ್ಲೇ ಪಕ್ಕದಲ್ಲಿ ಸ್ಟ್ರಾಹೊವ್ ಮಠ. ಅದರ ಅಂಗಳದ ಅಂಚಿಗೆ ಬಂದರೆ ಇಡೀ ಪ್ರಾಗ್ ಕಾಲ ಕೆಳಗೆ ಹರಡಿಕೊಂಡಿರುತ್ತದೆ. ಕೆಂಪು ಹೆಂಚಿನ ಮಾಡುಗಳು, ಹಸಿರು ಗುಮ್ಮಟಗಳು, ಅವುಗಳ ನಡುವೆ ನದಿ. ಅಲ್ಲಿಂದ ಮುಂದೆ ದಿನಪೂರ್ತಿ ಇಳಿಜಾರೇ.

ಕೋಟೆಯ ಅಂಗಳಗಳಿಗೆ ಟಿಕೆಟ್ ಇಲ್ಲ. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರಬಹುದು. ಕಟ್ಟಡಗಳು ತೆರೆಯುವುದು 9 ಗಂಟೆಗೆ, ಅವುಗಳಿಗೆ ಟಿಕೆಟ್ ಬೇಕು. ಟಿಕೆಟ್ಟಿನಲ್ಲಿ ನಾಲ್ಕು ಜಾಗ ಸೇರಿದ್ದರೂ ಎರಡು ಸಾಕು ಅನ್ನುವುದು ನನ್ನ ಅಭಿಪ್ರಾಯ. ಒಂದು ಸೇಂಟ್ ವೈಟಸ್ ಚರ್ಚು. 1344ರಲ್ಲಿ ಶುರುವಾದ ಕಟ್ಟಡ ಮುಗಿದದ್ದು 1929ರಲ್ಲಿ. ಒಳಗೆ ಹೋಗಿ ಎಡಗಡೆ ಮೂರನೇ ಬಣ್ಣದ ಗಾಜಿನ ಕಿಟಕಿ ನೋಡಿ, ಅದು ಅಲ್ಫೋನ್ಸ್ ಮುಖಾ ಎಂಬ ಚಿತ್ರಕಾರನದು. ಬಿಸಿಲು ಬಿದ್ದಾಗ ಅದರ ನೀಲಿ, ಹಸಿರು ಬಣ್ಣಗಳು ಕಣ್ತುಂಬುತ್ತವೆ.

ಇನ್ನೊಂದು ಹಳೇ ಅರಮನೆ. ಅಲ್ಲಿ ಒಂದು ದೊಡ್ಡ ಸಭಾಂಗಣ, ಅದರ ಪಕ್ಕಕ್ಕೆ ಒಂದು ಸಣ್ಣ ಕಚೇರಿ ಕೋಣೆ. ಆ ಕೋಣೆಯ ಕಿಟಕಿ ಹತ್ತಿರ ನಿಂತುಕೊಳ್ಳಿ. 1618ರ ಮೇ 23ರಂದು ಬೊಹೀಮಿಯಾದ, ಅಂದರೆ ಪ್ರಾಗ್ ಸುತ್ತಲಿನ ಹಳೇ ರಾಜ್ಯದ, ಪ್ರಾಟೆಸ್ಟಂಟ್ ಮುಖಂಡರು ಕ್ಯಾಥೋಲಿಕ್ ಚಕ್ರವರ್ತಿಯ ವಿರುದ್ಧ ಬಂಡೆದ್ದು ಅವನ ಇಬ್ಬರು ಅಧಿಕಾರಿಗಳನ್ನೂ ಒಬ್ಬ ಕಾರ್ಯದರ್ಶಿಯನ್ನೂ ಕಿಟಕಿಯಿಂದ ಆಚೆಗೆ ಎಸೆದರು. ಅಷ್ಟು ಎತ್ತರದಿಂದ ಬಿದ್ದರೂ ಮೂವರೂ ಬದುಕಿಕೊಂಡರು. ಯುರೋಪನ್ನು ಹಾಳು ಮಾಡಿದ ಮೂವತ್ತು ವರ್ಷಗಳ ಯುದ್ಧ ಇಲ್ಲಿಂದಲೇ ಶುರುವಾಯಿತು. ಕಿಟಕಿಯಲ್ಲಿ ಬಗ್ಗಿ ಕೆಳಗೆ ನೋಡಿದಾಗ ಪುಸ್ತಕದಲ್ಲಿ ಓದಿದ ಇಸವಿಗೆ ಜೀವ ಬರುತ್ತದೆ.

ಮಧ್ಯಾಹ್ನ 12ಕ್ಕೆ ಮೊದಲನೇ ಅಂಗಳದಲ್ಲಿ ಕಹಳೆ ಊದಿ ಕಾವಲುಗಾರರ ಬದಲಾವಣೆ ನಡೆಯುತ್ತದೆ. ಮಕ್ಕಳಿದ್ದರೆ ನಿಲ್ಲಿ, ಇಲ್ಲದಿದ್ದರೆ ಸುಮ್ನೆ ಮುಂದೆ ಹೋಗಿ. ಕೆಳಗಿಳಿಯುವ ಬೀದಿಯ ಹೆಸರು ನೆರುದೋವಾ. ಇಲ್ಲಿ ಅಂಗಡಿಗಳ ಗಾಜು ನೋಡದೆ ಬಾಗಿಲಿನ ಮೇಲಕ್ಕೆ ಕಣ್ಣು ಹಾಯಿಸಿ. ಒಂದು ಮನೆ ಮೇಲೆ ಮೂರು ಪಿಟೀಲು, ಇನ್ನೊಂದರ ಮೇಲೆ ಇಬ್ಬರು ಸೂರ್ಯರು, ಮತ್ತೊಂದರ ಮೇಲೆ ಕೆಂಪು ಕುರಿಮರಿ. 1770ರಲ್ಲಿ ಮನೆ ನಂಬರ್‌ಗಳು ಬರುವ ಮುಂಚೆ ವಿಳಾಸ ಹೇಳುತ್ತಿದ್ದದ್ದು ಹೀಗೆ. ಮೂರು ಪಿಟೀಲಿನ ಮನೆಯಲ್ಲಿ ಪಿಟೀಲು ಮಾಡುವವರೇ ಇದ್ದರು.

ಊಟ ಇಲ್ಲೇ ಕೆಳಗೆ, ಮಾಲಾ ಸ್ತ್ರಾನಾ ಬಡಾವಣೆಯಲ್ಲಿ ಮುಗಿಸಿ. ಸಸ್ಯಾಹಾರಿಗಳಿಗೆ ಎಲ್ಲೆಡೆ ಸಿಗುವುದು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಚೀಸ್, ಜೊತೆಗೆ ಆಲೂಗಡ್ಡೆ. ಅದಕ್ಕೆ ಮೊಟ್ಟೆ ಹಾಕಿರುತ್ತಾರೆ, ಸಾರುಗಳಿಗೆ ಮಾಂಸದ ನೀರು ಬಳಸಿರಬಹುದು. ಶುದ್ಧ ಸಸ್ಯಾಹಾರಿಗಳು ಚಪಾತಿ ಪಲ್ಯ ಕಟ್ಟಿಕೊಂಡು ಹೋದರೆ ಕಾಂಪಾ ದ್ವೀಪದ ಪಾರ್ಕಿನಲ್ಲಿ, ನದಿ ಎದುರಿಗೆ, ನೆಮ್ಮದಿಯಾಗಿ ಕೂತು ತಿನ್ನಬಹುದು.

ಊಟ ಆದ ಮೇಲೆ ಚಾರ್ಲ್ಸ್ ಸೇತುವೆ ಬಿಟ್ಟು ಅದರ ಉತ್ತರಕ್ಕಿರುವ ಮಾನೆಸ್ ಸೇತುವೆಯಿಂದ ನದಿ ದಾಟಿ. ನೇರ ಯೋಸೆಫೊವ್‌ಗೆ, ಅಂದರೆ ಹಳೇ ಯಹೂದಿ ಕೇರಿಗೆ ಬರುತ್ತೀರಿ. ಅಲ್ಲಿ ಪಿಂಕಾಸ್ ಪ್ರಾರ್ಥನಾ ಮಂದಿರದ ಒಳಗೋಡೆಗಳ ತುಂಬ ಕೈಯಲ್ಲಿ ಬರೆದ ಹೆಸರುಗಳು. ನಾಜಿಗಳ ಕೈಯಲ್ಲಿ ಸತ್ತ, ಬೊಹೀಮಿಯಾ ಮತ್ತು ಪಕ್ಕದ ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರುಗಳು. ಮನೆತನದ ಹೆಸರು, ವ್ಯಕ್ತಿಯ ಹೆಸರು, ಹುಟ್ಟಿದ ತಾರೀಖು. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲಿ ಅಳಿದುಹೋದ ಈ ಬರಹವನ್ನು 1990ರ ದಶಕದಲ್ಲಿ ಮತ್ತೆ ಬರೆದರು. ಮಹಡಿಯಲ್ಲಿ ನಾಜಿಗಳ ಟೆರೆಜೀನ್ ಶಿಬಿರದಲ್ಲಿದ್ದ ಮಕ್ಕಳು ಬಿಡಿಸಿದ ಚಿತ್ರಗಳಿವೆ. ಫೋಟೋದ ಆಸೆ ಬಿಟ್ಟು ಯಾವುದಾದರೂ ಒಂದು ಗೋಡೆಯ ಹೆಸರುಗಳನ್ನು ನಿಧಾನವಾಗಿ ಓದಿ. ಪಕ್ಕದ ಸ್ಮಶಾನದಲ್ಲಿ ಜಾಗ ಸಾಲದೆ ಒಂದರ ಮೇಲೊಂದು ಪದರವಾಗಿ ಹೂಳಿದ್ದಾರೆ. ಅದಕ್ಕೇ ಕಲ್ಲುಗಳೆಲ್ಲ ಒಂದಕ್ಕೊಂದು ಒರಗಿ ನಿಂತಿವೆ. ಚಳಿಗಾಲದಲ್ಲಿ ಇಲ್ಲಿ ಸಂಜೆ ಬೇಗ ಮುಚ್ಚುತ್ತಾರೆ, ಆಗ ಊಟಕ್ಕೆ ಹೊತ್ತು ಮಾಡಬೇಡಿ.

ಇಲ್ಲಿಂದ ಹತ್ತು ನಿಮಿಷಕ್ಕೆ ಹಳೇ ಪಟ್ಟಣದ ಚೌಕ. ಪುರಭವನದ ಗೋಡೆಯ ಮೇಲೆ 1410ರ ಖಗೋಳ ಗಡಿಯಾರ. ಗಂಟೆಗೆ ಹತ್ತು ನಿಮಿಷ ಮುಂಚೆ ಹೋಗಿ ನಿಲ್ಲಿ, ಜೇಬಿನ ಮೇಲೆ ಒಂದು ಕೈ ಇರಲಿ. ಗಂಟೆ ಆಗುತ್ತಿದ್ದಂತೆ ಸಾವಿನ ಸಂಕೇತವಾದ ಅಸ್ಥಿಪಂಜರದ ಬೊಂಬೆ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಪಕ್ಕದ ಬೊಂಬೆಗಳು ತಲೆ ಆಡಿಸಿ ಒಲ್ಲೆ ಅನ್ನುತ್ತವೆ. ಕಿಟಕಿ ತೆರೆದು ಯೇಸುವಿನ ಹನ್ನೆರಡು ಶಿಷ್ಯರು ಸಾಲಾಗಿ ಹಾದುಹೋಗುತ್ತಾರೆ. ಕೊನೆಗೆ ಕೋಳಿ ಕೂಗುತ್ತದೆ. ಒಂದು ನಿಮಿಷದಲ್ಲಿ ಎಲ್ಲ ಮುಗಿದು ಜನ ಚದುರುತ್ತಾರೆ. ನೀವು ಮಾತ್ರ ನಿಂತಿರಿ, ಯಾಕೆಂದರೆ ನೋಡಬೇಕಾದದ್ದು ಮುಖಫಲಕ. ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅಂತ ಅದು ತೋರಿಸುತ್ತದೆ. ಅರ್ಧ ಕಪ್ಪು ಅರ್ಧ ಬೆಳ್ಳಿಯ ಪುಟ್ಟ ಗುಂಡು ತಿರುಗುತ್ತ ಚಂದ್ರನ ವೃದ್ಧಿ ಕ್ಷಯ ತೋರಿಸುತ್ತದೆ. ಹೊರಗಿನ ಬಳೆ ಸೂರ್ಯ ಮುಳುಗಿದಾಗಿನಿಂದ ಗಂಟೆ ಎಣಿಸುತ್ತದೆ. ಪಂಚಾಂಗ ನೋಡಿ ಗೊತ್ತಿರುವ ನಮ್ಮ ಹಿರಿಯರಿಗೆ ಈ ಗಡಿಯಾರ ಬೇಗ ಹಿಡಿಸುತ್ತದೆ, ಅಲ್ವಾ?

ಗಡಿಯಾರದ ಮೂಲೆ ತಿರುಗಿ ಚೌಕದ ಕಡೆ ಬನ್ನಿ. ನೆಲಗಲ್ಲುಗಳಲ್ಲಿ 27 ಬಿಳಿ ಶಿಲುಬೆಗಳಿವೆ. ಜನ ಅರಿಯದೆ ಅವುಗಳ ಮೇಲೇ ನಡೆದಾಡುತ್ತಾರೆ. ಬೆಳಿಗ್ಗೆ ನೋಡಿದ ಕಿಟಕಿಯ ಕಥೆ ಇಲ್ಲಿಗೆ ಬಂದು ಮುಟ್ಟುತ್ತದೆ. ಬಂಡಾಯ ಎದ್ದವರು 1620ರಲ್ಲಿ ಯುದ್ಧ ಸೋತರು. 1621ರ ಜೂನ್ 21ರಂದು ಅವರಲ್ಲಿ 27 ಜನರನ್ನು ಇದೇ ಜಾಗದಲ್ಲಿ ಕೊಂದರು. ಹನ್ನೆರಡು ಜನರ ತಲೆಗಳನ್ನು ಸೇತುವೆಯ ಗೋಪುರಕ್ಕೆ ತೂಗುಹಾಕಿದರು. ಹತ್ತು ವರ್ಷ ಅವು ಅಲ್ಲೇ ಇದ್ದವು. ಆರೂವರೆಗೆ ನೀವು ಹಾದುಬಂದದ್ದು ಅದೇ ಗೋಪುರ. ಕಿಟಕಿ, ಶಿಲುಬೆ, ಗೋಪುರ ಮೂರನ್ನೂ ಒಂದೇ ದಿನ ಕಾಲ್ನಡಿಗೆಯಲ್ಲಿ ನೋಡಬಹುದು ಅನ್ನುವುದಕ್ಕೇ ನನಗೆ ಈ ಊರಿನ ಮೇಲೆ ಇಷ್ಟು ಪ್ರೀತಿ.

ಕಾಲಲ್ಲಿ ಶಕ್ತಿ ಉಳಿದಿದ್ದರೆ ವೆನ್ಸೆಸ್ಲಾಸ್ ಚೌಕಕ್ಕೆ ಹೋಗಿ, 1989ರಲ್ಲಿ ಲಕ್ಷಾಂತರ ಜನ ಸೇರಿ ಕಮ್ಯುನಿಸ್ಟ್ ಆಡಳಿತ ಇಳಿಸಿದ ಜಾಗ. ಇಲ್ಲದಿದ್ದರೆ ನದಿ ದಂಡೆಯಲ್ಲಿ ಕೂತುಬಿಡಿ. ಪೆಟ್ರ್ಶೀನ್ ಗೋಪುರ, ವಿಶೆಹ್ರಾದ್ ಕೋಟೆ ಇನ್ನೊಂದು ಸಲಕ್ಕಿರಲಿ.

ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಬೀದಿಗಳೆಲ್ಲ ಗುಂಡುಕಲ್ಲಿನವು. ಚಪ್ಪಲಿ ಬೇಡ, ದಪ್ಪ ಅಟ್ಟೆಯ ಶೂ ಹಾಕಿಸಿ. ಸಾರ್ವಜನಿಕ ಶೌಚಾಲಯಗಳಿಗೆ ದುಡ್ಡು ಕೊಡಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಮಂಡಿ ನೋವಿದ್ದರೆ ಕೋಟೆಯ ಅರಮನೆ ಬಿಟ್ಟುಬಿಡಿ, ನೆರುದೋವಾ ಇಳಿಜಾರನ್ನೂ ಬಿಡಿ. ಸ್ಟ್ರಾಹೊವ್‌ನಲ್ಲಿ ಊರನ್ನು ತೋರಿಸಿ, ಅದೇ 22ನೇ ನಂಬರ್ ಟ್ರಾಮಿನಲ್ಲಿ ವಾಪಸ್ ಕೆಳಗಿಳಿಯಿರಿ. ಮಧ್ಯಾಹ್ನ ಎರಡು ಗಂಟೆ ವಿಶ್ರಾಂತಿ ಕೊಡಿಸಿ. ಸಂಜೆ 5ಕ್ಕೆ ಗಡಿಯಾರದ ಮುಂದೆ ನಿಲ್ಲಿಸಿ, ಸೂರ್ಯ ಯಾವ ರಾಶಿಯಲ್ಲಿದ್ದಾನೆ ಅಂತ ಅವರನ್ನೇ ಕೇಳಿ.

ನಮಸ್ಕಾರ.