ಡ್ರೋನ್ ಕಾಲದಲ್ಲೂ ಗುಡ್ಡ ಯಾಕೆ ಬೇಕು? ಚಾಸಿವ್ ಯಾರ್ ಕಥೆ

(ಪರದೆ ಮೇಲೆ ಮ್ಯಾಪ್)

ನಮಸ್ಕಾರ. ಈ ಕೆಂಪು ಚುಕ್ಕೆ ನೋಡಿ. ಪೂರ್ವ ಉಕ್ರೇನಿನ ದೊನೆತ್ಸ್ಕ್ ಪ್ರಾಂತ್ಯದ ಚಾಸಿವ್ ಯಾರ್. ಯುದ್ಧಕ್ಕೆ ಮುಂಚೆ ಸುಮಾರು 12,000 ಜನ ಇದ್ದ ಊರು. ಕುಲುಮೆಗಳ ಒಳಗೋಡೆಗೆ ಬೇಕಾಗುವ, ಬೆಂಕಿಗೆ ಜಗ್ಗದ ಇಟ್ಟಿಗೆ ಮಾಡುವ ಕಾರ್ಖಾನೆಗೆ ಹೆಸರಾಗಿತ್ತು. ಇಂಥ ಊರಿಗಾಗಿ ರಷ್ಯಾ ಒಂದು ವರ್ಷಕ್ಕೂ ಜಾಸ್ತಿ ಕಾದಾಡಿತು.

ಕಾರಣ, ಊರು ನಿಂತಿರುವ ಎತ್ತರ. 2023ರ ಮೇ ತಿಂಗಳಲ್ಲಿ ಬಖ್ಮುತ್ ರಷ್ಯಾದ ಕೈಸೇರಿತು. ಅದರ ಪಶ್ಚಿಮಕ್ಕೆ, ಇನ್ನೂ ಎತ್ತರದಲ್ಲಿರುವುದೇ ಚಾಸಿವ್ ಯಾರ್. ಅದರಾಚೆ ಕೊಸ್ತ್ಯಾಂತಿನಿವ್ಕಾ, ಆಮೇಲೆ ಕ್ರಾಮತೋರ್ಸ್ಕ್, ಸ್ಲೊವ್ಯಾನ್ಸ್ಕ್. ಈ ಭಾಗದಲ್ಲಿ ಉಕ್ರೇನ್ ಕೈಯಲ್ಲಿ ಉಳಿದಿದ್ದ ದೊಡ್ಡ ಊರುಗಳೆಂದರೆ ಇವೇ.

ಆದರೆ ಡ್ರೋನ್ ಇರುವಾಗ ಗುಡ್ಡ ಹತ್ತಿ ನೋಡೋದು ಯಾಕೆ, ಅಲ್ವಾ? ಇಲ್ಲೇ ಇರೋದು ಸ್ವಾರಸ್ಯ. ಸಣ್ಣ ದಾಳಿ ಡ್ರೋನ್ ಓಡಿಸುವವನು ರೇಡಿಯೋ ಸಿಗ್ನಲ್ ನಂಬಿಕೊಂಡಿರುತ್ತಾನೆ. ಡ್ರೋನ್ ಗುರಿಯ ಹತ್ತಿರ ಕೆಳಕ್ಕೆ ಇಳಿಯುತ್ತಿದ್ದಂತೆ ನಡುವೆ ದಿಬ್ಬವೋ ಕಟ್ಟಡವೋ ಅಡ್ಡ ಬಂದು, ಸರಿಯಾಗಿ ಹೊಡೆಯಬೇಕಾದ ಹೊತ್ತಿಗೇ ಸ್ಕ್ರೀನ್ ಮೇಲೆ ಬರೀ ಚುಕ್ಕೆ ಚುಕ್ಕೆ ಬರುತ್ತದೆ. ಆಂಟೆನಾ ಎತ್ತರದಲ್ಲಿದ್ದರೆ ಈ ಕಾಟ ಕಡಿಮೆ. ಅಂದರೆ ಡ್ರೋನ್ ಬಂದ ಮೇಲೆ ಗುಡ್ಡದ ಬೆಲೆ ಇಳಿಯಲಿಲ್ಲ, ಏರಿತು ಅಂತಲೇ ನನ್ನ ಲೆಕ್ಕ. ಸಿಗ್ನಲ್ ಬದಲು ತೆಳು ಫೈಬರ್ ತಂತಿ ಬಿಚ್ಚಿಕೊಂಡು ಹೋಗುವ ಡ್ರೋನ್‌ಗಳು ಆಮೇಲೆ ಜಾಸ್ತಿಯಾದವು, ಅವುಗಳ ಕಥೆ ಬೇರೆ.

(ಕಾಲುವೆ ತೋರಿಸಿ)

ಎತ್ತರ ಸಾಲದು ಅಂತ ಊರಿನ ಪೂರ್ವಕ್ಕೆ ಒಂದು ಕಾಲುವೆ ಬೇರೆ. ಟ್ಯಾಂಕ್ ಸುಮ್ನೆ ಇಳಿದು ಹತ್ತುವಂಥದ್ದಲ್ಲ. ಕಾಲುವೆಯ ಆಚೆಗಿದ್ದ ಒಂದೇ ಒಂದು ಬಡಾವಣೆಗೆ 2024ರ ಏಪ್ರಿಲ್‌ನಿಂದ ಗುದ್ದಾಟ ನಡೆದು, ಜುಲೈ ಶುರುವಿನಲ್ಲಿ ಉಕ್ರೇನ್ ಅಲ್ಲಿಂದ ಹಿಂದೆ ಸರಿಯಿತು. ಆಮೇಲೂ ಊರು ಸಿಗಲಿಲ್ಲ. ಕೆಲವು ಕಡೆ ಕಾಲುವೆಯ ನೀರು ನೆಲದಡಿಯ ಪೈಪಿನಲ್ಲಿ ಹರಿಯುತ್ತದೆ, ಮೇಲೆ ಗಟ್ಟಿ ನೆಲ. ದಾಟಲು ಸುಲಭ ಅಂಥ ಜಾಗಗಳೇ, ಅದು ಕಾಯುವವರಿಗೂ ಗೊತ್ತು. ದೊಡ್ಡ ವಾಹನ ಕಂಡ ಕೂಡಲೇ ಡ್ರೋನ್ ಎರಗುತ್ತಿತ್ತು, ಹಾಗಾಗಿ ರಷ್ಯಾದ ಸೈನಿಕರು ಸಣ್ಣ ಸಣ್ಣ ಗುಂಪಾಗಿ ನುಸುಳಿ ಒಂದೊಂದೇ ಕಟ್ಟಡ ಹಿಡಿಯುತ್ತಾ ಬಂದರು.

2025ರ ಜುಲೈ 31ರಂದು ಊರು ನಮ್ಮದಾಯಿತು ಎಂದು ರಷ್ಯಾ ಘೋಷಿಸಿತು. ಉಕ್ರೇನ್ ಇಲ್ಲ ಎಂದಿತು. ಅಷ್ಟರಲ್ಲಿ ಅಲ್ಲಿ ನೆಟ್ಟಗೆ ನಿಂತ ಮನೆ ಹುಡುಕಬೇಕಿತ್ತು. ಇನ್ನು ಕ್ರಾಮತೋರ್ಸ್ಕ್‌ಗೆ ದಾರಿ ಸಲೀಸು ಅಂದುಕೊಂಡರೆ ಅದೂ ಇಲ್ಲ, ನಡುವೆ ಕೊಸ್ತ್ಯಾಂತಿನಿವ್ಕಾ ಇತ್ತು. ಆ ಊರಿಗೆ ಹೋಗುವ ರಸ್ತೆಗೆ ಉಕ್ರೇನಿನವರು ಡ್ರೋನ್ ತಡೆಯಲು ಚಪ್ಪರದಂತೆ ಬಲೆ ಕಟ್ಟತೊಡಗಿದ್ದರು.